ಗ್ರೀಕ್ ವೈನ್ ಲೇಬಲ್ ಓದೋದು ಹೇಗೆ?

ಪ್ರಶ್ನೆ: ಎರಡು ಬಾಟಲಿಗಳಲ್ಲೂ ಅಗಿಯೋರ್ಗಿಟಿಕೊ ದ್ರಾಕ್ಷಿ. ಒಂದರ ಮೇಲೆ ನೆಮೆಯ (ಊರಿನ ಹೆಸರು) ಪಿಡಿಒ, ಇನ್ನೊಂದರ ಮೇಲೆ ಪೆಲೊಪೊನೀಸ್ (ದಕ್ಷಿಣ ಗ್ರೀಸ್‌ನ ಪ್ರದೇಶ) ಪಿಜಿಐ. ವ್ಯತ್ಯಾಸವೇನು?

ಉತ್ತರ 1: ಎರಡೂ ವೈನ್ ಹುಟ್ಟಿದ ಜಾಗದ ಹೆಸರಿಗೆ ಐರೋಪ್ಯ ಒಕ್ಕೂಟ ಕೊಡುವ ರಕ್ಷಣೆ. ಪಿಡಿಒ (ಸಂರಕ್ಷಿತ ಮೂಲದ ಹೆಸರು) ಅಂದರೆ ದ್ರಾಕ್ಷಿ ಪೂರ್ತಿ ಆ ಗಡಿಯೊಳಗಿನದೇ ಆಗಿರಬೇಕು, ತಳಿಯೂ ನಿಗದಿ. ನೆಮೆಯದ ಕೆಂಪು ವೈನ್‌ಗೆ ಅಗಿಯೋರ್ಗಿಟಿಕೊ, ಉತ್ತರ ಗ್ರೀಸ್‌ನ ನಾಉಸ್ಸಾಕ್ಕೆ ಕ್ಸಿನೊಮಾವ್ರೊ ಎಂಬ ಕೆಂಪು ತಳಿ ಮಾತ್ರ. ಪಿಜಿಐಗೆ (ಸಂರಕ್ಷಿತ ಭೌಗೋಳಿಕ ಸೂಚಕ) ಆ ಪ್ರದೇಶದ ದ್ರಾಕ್ಷಿ ಕನಿಷ್ಠ 85% ಸಾಕು. ಕ್ಯಾಬರ್ನೆಯಂಥ ಹೊರಗಿನ ತಳಿಗೂ ಅವಕಾಶ ಉಂಟು. ಹಾಗಂತ ಪಿಜಿಐ ಕಳಪೆ ಅನ್ನೋದು ತಪ್ಪು. ನಿಯಮದ ಚೌಕಟ್ಟು ಬೇಡ ಅಂತ ಒಳ್ಳೇ ತಯಾರಕರೇ ಅದನ್ನು ಆರಿಸಿಕೊಳ್ಳುತ್ತಾರೆ.

ಉತ್ತರ 2: ಹಳೇ ಬಾಟಲಿ ಸಿಕ್ಕರೆ ಬಿರಡೆ ಮೇಲಿನ ಕಾಗದದ ಪಟ್ಟಿ ನೋಡಿ. ಆಗಿನ ಗ್ರೀಕ್ ದರ್ಜೆಗಳು ಎರಡು: ಕೆಂಪು ಪಟ್ಟಿ ಒಪಾಪ್, ನೀಲಿ ಪಟ್ಟಿ ಸಿಹಿ ವೈನ್‌ಗಳ ಒಪೆ. ಈಗ ಎರಡೂ ಪಿಡಿಒ ಅಡಿಯಲ್ಲೇ. ಸ್ಯಾಂಟೊರಿನಿ ದ್ವೀಪದಲ್ಲಿ ಒಣ (ಸಿಹಿಯಿಲ್ಲದ) ಬಿಳಿ ವೈನೂ ಉಂಟು, ಬಿಸಿಲಲ್ಲಿ ಒಣಗಿಸಿದ ದ್ರಾಕ್ಷಿಯ ಸಿಹಿ ವಿನ್ಸಾಂಟೊವೂ ಉಂಟು. ಹೆಸರು ನೋಡದೆ ಕೊಂಡರೆ ಊಟಕ್ಕೆ ಪಾಯಸ ಸಿಕ್ಕ ಹಾಗೆ!

ಉತ್ತರ 3: ಲೇಬಲ್ ಮೇಲೆ ಕಾಣುವ ಇನ್ನೊಂದು ಹೆಸರು ರೆಟ್ಸೀನಾ. ಹುದುಗು ಬರುತ್ತಿರುವ ದ್ರಾಕ್ಷಿ ರಸಕ್ಕೆ ಅಲೆಪ್ಪೊ ಪೈನ್ ಮರದ ರಾಳ ಹಾಕಿ ಮಾಡುವ ವೈನ್. ಅದಕ್ಕೆ ‘ಸಾಂಪ್ರದಾಯಿಕ ಹೆಸರು’ ಎಂಬ ರಕ್ಷಣೆ ಉಂಟು. ಬೆಚ್ಚಗಿದ್ದರೆ ರಾಳದ ವಾಸನೆಯೇ ಮೇಲುಗೈ, ಚೆನ್ನಾಗಿ ತಣಿಸಿ ಕುಡಿಯಿರಿ. ಕ್ಸಿನೊಮಾವ್ರೊಗೆ ಉಲ್ಟಾ: ತೀರಾ ತಣ್ಣಗಿದ್ದರೆ ಒಗರು ಎದ್ದು ಕಾಣುತ್ತೆ. 16–18 ಡಿಗ್ರಿ ಸರಿ.