ದೊಡ್ಡಪ್ಪನ ಫಾರ್ವರ್ಡು, ಚಿಕ್ಕಮ್ಮನ ಪ್ರಶ್ನೆ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ)
ಸಣ್ಣ ವ್ಯಾಪಾರಿಗಳೇ ಎಚ್ಚೆತ್ತುಕೊಳ್ಳಿ!! ದೊಡ್ಡ ಕಂಪನಿಗಳ ಸೋಷಿಯಲ್ ಮೀಡಿಯಾ ಕಾಲ ಮುಗಿಯಿತು. ಇದು ವಿಕೇಂದ್ರೀಕೃತ ಜಾಲಗಳ (ಒಂದೇ ಕಂಪನಿಯ ಕೈಯಲ್ಲಿಲ್ಲದ ಜಾಲಗಳ) ಯುಗ. ಮ್ಯಾಸ್ಟೊಡಾನ್, ಬ್ಲೂಸ್ಕೈಗಳಿಗೆ ಮಾಲೀಕನೇ ಇಲ್ಲ. ಅಲ್ಗಾರಿದಮ್ ಇಲ್ಲ, ಜಾಹೀರಾತಿಗೆ ಹಣ ಬೇಕಿಲ್ಲ. ನಿಮ್ಮ ಪೋಸ್ಟ್ ಎಲ್ಲರಿಗೂ ತಲುಪುತ್ತದೆ. ನಿಮ್ಮ ಖಾತೆಯನ್ನು ಯಾರಿಂದಲೂ ಮುಚ್ಚಿಸಲು ಸಾಧ್ಯವಿಲ್ಲ. ಇಂದೇ ಹಳೇ ಖಾತೆ ಅಳಿಸಿ, ಹೊಸ ಯುಗಕ್ಕೆ ಬನ್ನಿ. ಕನಿಷ್ಠ 10 ಜನರಿಗೆ ಕಳಿಸಿ.

ದೊಡ್ಡಪ್ಪ: ಚಿಕ್ಕಮ್ಮನ ನೋಟ್‌ಬುಕ್ ವ್ಯಾಪಾರಕ್ಕೆ ಅನುಕೂಲ ಆಗುತ್ತೆ ಅಂತ ಹಾಕಿದ್ದು

ಭಾವ: 10 ಜನಕ್ಕೆ ಕಳಿಸೋದೇ ವಿಕೇಂದ್ರೀಕರಣ ಇರಬೇಕು 😄

ಪುಟ್ಟ: ದೊಡ್ಡಪ್ಪ ಮೊದಲನೇ ಸಲ ಸರಿಯಾದ್ದು ಹಾಕಿದ್ದಾರೆ 👏👏

ಅಕ್ಕ: ಏನು ಸರಿಯಾದ್ದು? ಅರ್ಧಕ್ಕರ್ಧ ಸುಳ್ಳು ಅದು. ಚಿಕ್ಕಮ್ಮ, ದಯವಿಟ್ಟು ಯಾವ ಖಾತೇನೂ ಅಳಿಸಬೇಡಿ

ಪುಟ್ಟ: ಯಾವುದು ಸುಳ್ಳು ಹೇಳು

ಅಕ್ಕ: "ಮಾಲೀಕನೇ ಇಲ್ಲ." ಬ್ಲೂಸ್ಕೈ ಒಂದು ಕಂಪನಿ. ಹೂಡಿಕೆದಾರರಿದ್ದಾರೆ, ಸಿಇಒ ಇದ್ದಾರೆ. 2019ರಲ್ಲಿ ಟ್ವಿಟರ್ ಒಳಗೇ ಅದರ ಆಗಿನ ಸಿಇಒ ಜ್ಯಾಕ್ ಡೋರ್ಸಿ ಶುರು ಮಾಡಿಸಿದ ಯೋಜನೆ ಅದು. ಆಮೇಲೆ ಅವರೇ ಅದರ ಮಂಡಳಿ ಬಿಟ್ಟು ಹೋದ್ರು. ಮ್ಯಾಸ್ಟೊಡಾನ್‌ಗೆ ಒಬ್ಬ ಮಾಲೀಕ ಇಲ್ಲ ನಿಜ, ಆದರೆ ಸಾವಿರಾರು ಸರ್ವರ್, ಅಂದ್ರೆ ಖಾತೆಗಳು ಇರೋ ಕಂಪ್ಯೂಟರ್‌ಗಳು, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಆ ಯಜಮಾನನಿಗೆ ಮನಸ್ಸು ಬಂದರೆ ನಿಮ್ಮ ಖಾತೆ ಮುಚ್ಚಬಹುದು. ಪೂರ್ತಿ ಸರ್ವರನ್ನೇ ಮುಚ್ಚಬಹುದು. ಪಕ್ಕದ ಸರ್ವರ್ ಜೊತೆ ಮಾತು ಬಿಡಬಹುದು, ಆಗ ಅಲ್ಲಿರೋ ನಿಮ್ಮ ಗಿರಾಕಿಗೆ ನೀವು ಕಾಣೋದೇ ಇಲ್ಲ. "ಯಾರಿಂದಲೂ ಸಾಧ್ಯವಿಲ್ಲ" ಅಂತೆ!

ಪುಟ್ಟ: ಬೇರೆ ಸರ್ವರ್‌ಗೆ ಹೋಗಬಹುದಲ್ಲ. ಫಾಲೋವರ್ಸ್ ಜೊತೆಗೇ ಬರ್ತಾರೆ. ಅದೇ ತಾನೇ ವಿಷಯ. ನೀನು ಜೀವಮಾನ ಪೂರ್ತಿ ಕೂಡಿಟ್ಟ ಫಾಲೋವರ್ಸನ್ನ ಬೇರೆ ಯಾವ ಆ್ಯಪ್ ಹೊರಗೆ ಒಯ್ಯೋಕೆ ಬಿಡುತ್ತೆ?

ಅಕ್ಕ: ಫಾಲೋವರ್ಸ್ ಬರ್ತಾರೆ, ಪೋಸ್ಟ್‌ಗಳು ಬರಲ್ಲ. 3 ವರ್ಷದ ಫೋಟೋ, ಗಿರಾಕಿಗಳು ಬರೆದ ಮಾತು ಎಲ್ಲ ಹಳೇ ಮನೇಲೇ ಉಳಿಯುತ್ತೆ

ನಾನು: ಇನ್ನೊಂದು ಸೇರಿಸ್ತೀನಿ. ಹಳೇ ಸರ್ವರ್ ಬದುಕಿದ್ದಾಗಲೇ ಹೊರಡಬೇಕು. "ಇವರು ಅಲ್ಲಿಗೆ ಹೋದ್ರು" ಅಂತ ಎಲ್ಲರಿಗೂ ಸುದ್ದಿ ಕಳಿಸೋದೇ ಆ ಹಳೇ ಸರ್ವರ್. ಅದು ರಾತ್ರೋರಾತ್ರಿ ಸತ್ತರೆ ಸುದ್ದಿ ಕಳಿಸೋರು ಯಾರೂ ಇರಲ್ಲ. ಅದಕ್ಕೇ ಮ್ಯಾಸ್ಟೊಡಾನ್‌ನವರು ತಮ್ಮ ಅಧಿಕೃತ ಪಟ್ಟಿಗೆ ಸೇರೋ ಸರ್ವರ್‌ಗಳಿಂದ, ಮುಚ್ಚೋ ಮುಂಚೆ 3 ತಿಂಗಳು ಮೊದಲೇ ತಿಳಿಸ್ತೀವಿ ಅಂತ ಮಾತು ತಗೊಳ್ತಾರೆ. ಪಟ್ಟಿಯಲ್ಲಿ ಇಲ್ಲದೋರಿಗೆ ಆ ಮಾತಿನ ಹಂಗೂ ಇಲ್ಲ

ಭಾವ: ಇವನು ಯಾರ ಕಡೆ?

ನಾನು: ಸಂಬಳದ ಕಡೆ. ನಾನು ಕೆಲಸ ಮಾಡೋದೇ ಪೋಸ್ಟ್ ಶೆಡ್ಯೂಲ್ ಮಾಡೋ ಟೂಲ್ ಕಂಪನಿಯಲ್ಲಿ

ಪುಟ್ಟ: ಸರಿ, ನಾನೂ ಒಂದು ಹೇಳ್ತೀನಿ. ಡಿಸೆಂಬರ್ 2022. ಟ್ವಿಟರ್ ಒಂದು ನಿಯಮ ತಂದಿತ್ತು: ಮ್ಯಾಸ್ಟೊಡಾನ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಜನರನ್ನ ಕರೆಯೋ ಲಿಂಕ್ ಹಾಕೋ ಹಾಗಿಲ್ಲ ಅಂತ. ಗಲಾಟೆ ಆಗಿ ಒಂದೆರಡು ದಿನದಲ್ಲೇ ವಾಪಸ್ ತಗೊಂಡ್ರು, ಅದು ಬೇರೆ. ಆದರೆ ಯೋಚನೆ ಮಾಡಿ. ನನ್ನ ಗಿರಾಕಿಗೆ "ನನ್ನ ಇನ್ನೊಂದು ವಿಳಾಸ ಇದು" ಅಂತ ಹೇಳೋಕೂ ಅನುಮತಿ ಬೇಕಾ? ಬಾಡಿಗೆ ಮನೆಯವನು ನೀನು ಮನೆ ಬದಲಾಯಿಸಿದ ಚೀಟಿ ಬಾಗಿಲಿಗೆ ಅಂಟಿಸೋಕೂ ಬಿಡಲ್ಲ ಅಂದ ಹಾಗೆ

ಪುಟ್ಟ: ಗೂಗಲ್ ಪ್ಲಸ್ 2019ರಲ್ಲಿ ಬಾಗಿಲು ಹಾಕ್ತು. ಸಣ್ಣ ವಿಡಿಯೋಗಳ ಆ್ಯಪ್ ವೈನ್ 2017ರಲ್ಲೇ ಹೋಯ್ತು. ಅಲ್ಲಿ ಹೆಸರು ಮಾಡ್ಕೊಂಡವರೆಲ್ಲ ಮತ್ತೆ ಸೊನ್ನೆಯಿಂದ ಶುರು ಮಾಡಿದ್ರು

ಪುಟ್ಟ: 2021 ಅಕ್ಟೋಬರ್ 4, ಫೇಸ್‌ಬುಕ್, ಇನ್‌ಸ್ಟಾ, ವಾಟ್ಸಾಪ್ ಮೂರೂ ಸುಮಾರು 6 ಗಂಟೆ ಒಟ್ಟಿಗೆ ಮಲಗಿದ್ವು. ಒಂದೇ ಬುಟ್ಟಿ. ಮ್ಯಾಸ್ಟೊಡಾನಲ್ಲಿ ಒಂದು ಸರ್ವರ್ ಮಲಗಿದರೆ ಬೇರೆಯವು ನಡೀತಾನೇ ಇರುತ್ತವೆ

ಭಾವ: ಆ 6 ಗಂಟೆ ಈ ಗುಂಪೂ ಮಲಗಿತ್ತು. ಎಷ್ಟು ನೆಮ್ಮದಿ ಇತ್ತು ಗೊತ್ತಾ

ದೊಡ್ಡಪ್ಪ: 🙏

ಅಕ್ಕ: ಪುಟ್ಟಾ, ನಿನ್ನ ಮಾತು ತಪ್ಪು ಅಂತ ನಾನು ಹೇಳ್ತಿಲ್ಲ. ನನ್ನ ಕೆಲಸ ನೋಡು. 9 ಸಣ್ಣ ವ್ಯಾಪಾರದ ಪುಟ ನಾನೊಬ್ಬಳೇ ನೋಡ್ಕೊಳ್ತೀನಿ. ಎಲ್ಲ ಅವರವರದೇ ದುಡಿಮೆ, ಕೈಯಲ್ಲಿ ಹೆಚ್ಚು ಹೊತ್ತಿಲ್ಲದ ಜನ. ತಿಂಗಳ ಕೊನೆಗೆ ಅವರು ನನ್ನ ಕೇಳೋದು ಒಂದೇ: "ಎಷ್ಟು ಜನ ನೋಡಿದ್ರು?" ಮ್ಯಾಸ್ಟೊಡಾನಲ್ಲಿ ಎಷ್ಟು ಜನ ನೋಡಿದ್ರು ಅನ್ನೋ ಲೆಕ್ಕವೇ ಇಲ್ಲ. ಬ್ಲೂಸ್ಕೈಯೂ ಅದನ್ನ ತೋರಿಸಲ್ಲ. ಲೈಕ್ ಲೆಕ್ಕ ಆದರೂ ಸರಿ ಇದೆಯಾ ಅಂದ್ರೆ ಅದೂ ಇಲ್ಲ. ಮ್ಯಾಸ್ಟೊಡಾನಲ್ಲಿ ಒಂದೇ ಪೋಸ್ಟನ್ನ ಒಂದು ಸರ್ವರಿಂದ ನೋಡಿದ್ರೆ 40 ಲೈಕ್, ಇನ್ನೊಂದರಿಂದ ನೋಡಿದ್ರೆ 12. ಮೇಲಿಂದ, ಅಲ್ಲಿಂದ ಯಾರಾದ್ರೂ ಕ್ಲಿಕ್ ಮಾಡಿ ವೆಬ್‌ಸೈಟ್‌ಗೆ ಬಂದ್ರೆ ಎಲ್ಲಿಂದ ಬಂದ್ರು ಅಂತ ಗೊತ್ತಾಗದ ಹಾಗೆ ಬೇಕಂತಲೇ ಮುಚ್ಚಿಟ್ಟಿದ್ರು, ಖಾಸಗಿತನಕ್ಕೆ ಅಂತ. ಒಳ್ಳೇದೇ. ಆದರೆ ದುಡ್ಡು ಕೊಡೋರ ಎದುರು ನಾನು ಯಾವ ಮುಖ ಇಟ್ಕೊಂಡು ಕೂರಲಿ? "ಜನ ಬರ್ತಿದ್ದಾರೆ, ನನ್ನ ನಂಬಿ" ಅನ್ನಲಾ?

ಪುಟ್ಟ: ಬೇರೆ ಕಡೆ ತೋರಿಸೋ "1 ಲಕ್ಷ ವ್ಯೂಸ್" ನಂಬ್ತಿದ್ದೀಯಲ್ಲ, ಅದನ್ನ ಎಣಿಸೋರೂ ಅವರೇ, ಜಾಹೀರಾತು ಮಾರೋರೂ ಅವರೇ

ಅಕ್ಕ: …ಅದು ಸರಿ

ಭಾವ: ದಾಖಲಿಸಿಕೊಳ್ಳಿ. ಇವಳು "ಅದು ಸರಿ" ಅಂದಿದ್ದು ಈ ವರ್ಷದಲ್ಲಿ ಎರಡನೇ ಸಲ

ನಾನು: ಟೂಲ್ ಮಾಡೋರ ಕಷ್ಟ ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ. 2023ರ ಶುರುವಲ್ಲಿ ಟ್ವಿಟರ್ ಹೊರಗಿನವರ ಆ್ಯಪ್‌ಗಳನ್ನ ಇದ್ದಕ್ಕಿದ್ದ ಹಾಗೆ ಕಡಿದು ಹಾಕಿತು. ಟ್ವೀಟ್‌ಬಾಟ್, ಟ್ವಿಟರಿಫಿಕ್ ಎರಡೂ ಹೋದವು. ಆಮೇಲೆ ಉಚಿತ ಎಪಿಐಯನ್ನ (ಹೊರಗಿನ ಟೂಲ್‌ಗಳು ಒಳಗೆ ಬರೋ ಬಾಗಿಲು) ಹೆಸರಿಗಷ್ಟೇ ಉಳಿಸಿದ್ರು, ಪಾವತಿಯ ಕೆಳಗಿನ ಹಂತಕ್ಕೇ ಆಗ ತಿಂಗಳಿಗೆ 100 ಡಾಲರ್ ಇಟ್ರು. ಅದೇ ವರ್ಷ ನಮ್ಮಂಥದ್ದೇ ಟೂಲ್ ಹೂಟ್‌ಸ್ವೀಟ್ ತನ್ನ ಉಚಿತ ಪ್ಲಾನ್ ನಿಲ್ಲಿಸಿತು. ಒಬ್ಬರೇ ಕೂತು ಟೂಲ್ ಮಾಡಿದ್ದವರು ಎಷ್ಟೋ ಜನ ಅಂಗಡಿ ಮುಚ್ಚಿದ್ರು. ಹೊಡೆತ ಕೊನೆಗೆ ಬೀಳೋದು ಅಕ್ಕನಂಥವರ ಮೇಲೆ, ಅಕ್ಕನಿಗೆ ದುಡ್ಡು ಕೊಡೋ 9 ಜನರ ಮೇಲೆ.

ಮ್ಯಾಸ್ಟೊಡಾನ್, ಬ್ಲೂಸ್ಕೈ ಎರಡರ ಬಾಗಿಲೂ ತೆರೆದಿದೆ. ಯಾರನ್ನೂ ಬೇಡಿಕೊಳ್ಳದೆ ಟೂಲ್ ಬರೀಬಹುದು. ಬಫರ್ ಅಂಥ ಟೂಲ್ ಕಂಪನಿಯವರು ಎರಡಕ್ಕೂ ಪೋಸ್ಟ್ ಹಾಕೋ ಹಾಗೆ ಮಾಡಿದ್ದಾರೆ. ಆದರೆ ಬಾಗಿಲು ತೆರೆದಿದ್ದರೆ ಒಳಗೆ ಮನೆ ಒಪ್ಪವಾಗಿದೆ ಅಂತೇನೂ ಅಲ್ಲ. ಮ್ಯಾಸ್ಟೊಡಾನ್ ಅನ್ನೋ ಒಂದು ಜಾಗ ಇಲ್ಲ. ಪ್ರತಿ ಸರ್ವರ್‌ನಲ್ಲೂ ನಮ್ಮ ಟೂಲ್ ಹೋಗಿ ಬೇರೆ ಬೇರೆ ನೋಂದಣಿ ಮಾಡ್ಕೋಬೇಕು. ಸಾಮಾನ್ಯವಾಗಿ 500 ಅಕ್ಷರ, ಆದರೆ ಯಜಮಾನ ಮನಸ್ಸು ಮಾಡಿದರೆ 5000. ಬ್ಲೂಸ್ಕೈಯಲ್ಲಿ 300. ಒಂದು ಸರ್ವರ್ ಹೊಸ ಆವೃತ್ತಿ ಹಾಕಿರುತ್ತೆ, ಇನ್ನೊಂದು ಒಂದೂವರೆ ವರ್ಷ ಹಳೇದರಲ್ಲೇ ಇರುತ್ತೆ. ಸೋಮವಾರ "ಪೋಸ್ಟ್ ಹೋಗಿಲ್ಲ" ಅಂತ ದೂರು ಬಂದರೆ ತಪ್ಪು ನಮ್ಮದಾ, ಆ ಸರ್ವರ್‌ದಾ ಅಂತ ಕಂಡುಹಿಡಿಯೋ ಹೊತ್ತಿಗೆ ಬುಧವಾರ

ಭಾವ: ಇಷ್ಟುದ್ದ ಇವನು ಬರೆದಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ಆದಮೇಲೆ ಇದೇ ಮೊದಲು

ದೊಡ್ಡಪ್ಪ: ಸುಲಭವಾಗಿ ಹೇಳ್ರಪ್ಪ. ಇದು ಇಮೇಲ್ ಥರ ಅಂತ ಎಲ್ಲೋ ಓದಿದೆ. ಯಾವ ಕಂಪನಿ ಇಮೇಲ್ ಇದ್ದರೂ ಯಾರಿಗೆ ಬೇಕಾದರೂ ಕಳಿಸಬಹುದು

ಪುಟ್ಟ: ಕರೆಕ್ಟ್ ದೊಡ್ಡಪ್ಪ!

ನಾನು: ಇಮೇಲ್ ಉದಾಹರಣೆ ಬೇಡ, ಅದು ನಿಮ್ಮ ವಾದಕ್ಕೇ ಮುಳ್ಳು. ನಿಯಮದ ಪ್ರಕಾರ ಯಾರು ಬೇಕಾದರೂ ಸ್ವಂತ ಮೇಲ್ ಸರ್ವರ್ ಇಡಬಹುದು. ಇಟ್ಟು ನೋಡಿ. ನಾಲ್ಕು ದೊಡ್ಡ ಕಂಪನಿಗಳ ಸ್ಪ್ಯಾಮ್ ಡಬ್ಬಿ ದಾಟೋದರಲ್ಲಿ ಆಯಸ್ಸು ಮುಗಿಯುತ್ತೆ. ತೆರೆದ ನಿಯಮ ಇದ್ದರೂ ಜನ ನಾಲ್ಕೇ ಕಡೆ ಗುಂಪುಗೂಡ್ತಾರೆ. ಬ್ಲೂಸ್ಕೈಯಲ್ಲೂ ಹಾಗೇ, ಬಹುಪಾಲು ಜನ ಇರೋದು ಕಂಪನಿಯ ಸರ್ವರಲ್ಲೇ

ಪುಟ್ಟ: ಆದರೂ ಹೊರಗೆ ಹೋಗೋ ದಾರಿ ಇದೆ ತಾನೆ? ಎಲ್ಲರೂ ಹೋಗಬೇಕು ಅಂತಿಲ್ಲ. ದಾರಿ ಇದೆ ಅಂತ ಗೊತ್ತಿದ್ದರೆ ಕಂಪನಿ ಸ್ವಲ್ಪ ಮರ್ಯಾದೆಯಿಂದ ಇರುತ್ತೆ

ಚಿಕ್ಕಮ್ಮ: ಎಲ್ಲರೂ ನನ್ನ ಪರವಾಗಿ ಜಗಳ ಆಡ್ತಿದ್ದೀರಿ. ನಾನು ಅಲ್ಲಿಗೆ ಹೋಗಿ 5 ತಿಂಗಳಾಯ್ತು

ಪುಟ್ಟ: ಏನು??

ಅಕ್ಕ: ಎಲ್ಲಿಗೆ?

ಚಿಕ್ಕಮ್ಮ: ಮ್ಯಾಸ್ಟೊಡಾನ್. ನನ್ನ ಇನ್ನೊಂದು ಕಡೆಯ ಖಾತೆ ಬೀಗ ಬಿದ್ದು 11 ದಿನ ಒಳಗೆ ಹೋಗೋಕೆ ಆಗಲಿಲ್ಲ, ನೆನಪಿದೆಯಾ? ಯಾವ ಆ್ಯಪ್ ಅಂತ ಬೇಡ, ಹಳೇ ಗಾಯ. ಅರ್ಜಿ ಹಾಕಿದ್ರೆ ಯಂತ್ರ ಉತ್ತರ ಕೊಡ್ತಿತ್ತು, ಮನುಷ್ಯರ ದನಿ ಒಂದೂ ಇಲ್ಲ. ಕಟ್ಟಿಟ್ಟ 60 ನೋಟ್‌ಬುಕ್ ಮುಂದೆ ಸುಮ್ಮನೆ ಕೂತಿದ್ದೆ. ಆ ಸಿಟ್ಟಲ್ಲಿ ಹೋದೆ

ಚಿಕ್ಕಮ್ಮ: ಮೊದಲನೇ ದಿನವೇ "ಈ ವಾರ ರಿಯಾಯಿತಿ" ಅಂತ ಹಾಕಿದೆ. ಸರ್ವರ್ ನೋಡ್ಕೊಳ್ಳೋರು ಮೆಸೇಜ್ ಮಾಡಿದ್ರು, ಇಲ್ಲಿ ಜಾಹೀರಾತು ಹಾಕೋ ಹಾಗಿಲ್ಲ, ನಿಯಮ ಓದಿ ಅಂತ. ಇನ್ನೊಬ್ಬರು ಬಂದು ಫೋಟೋಗೆ ವಿವರಣೆ ಯಾಕೆ ಬರೆದಿಲ್ಲ, ಕಣ್ಣು ಕಾಣದವರು ಹೇಗೆ ತಿಳ್ಕೋಬೇಕು ಅಂದ್ರು. ಮುಖಕ್ಕೆ ಹೊಡೆದ ಹಾಗಾಯ್ತು. ಆದರೆ ಮನುಷ್ಯರು ಬೈದಿದ್ದು. ಯಂತ್ರ ಅಲ್ಲ. ಅದೇ ಒಂಥರಾ ಸಮಾಧಾನ

ಭಾವ: ಬೈಸಿಕೊಂಡು ಸಮಾಧಾನ ಪಡೋದು ಈ ಮನೆತನಕ್ಕೇ ರಕ್ತಗತ

ಚಿಕ್ಕಮ್ಮ: ಆಮೇಲೆ ಮಾರೋದು ಬಿಟ್ಟೆ. ಹೊಲಿಯೋದು ಹಾಕಿದೆ. ದಾರಕ್ಕೆ ಮೇಣ ಹಚ್ಚೋದು, ಬೆನ್ನಿಗೆ ಅಂಟು ಹಾಕೋದು, ಕೆಟ್ಟು ಹೋದ ರಟ್ಟು. ಅಲ್ಲಿ ಫೌಂಟನ್ ಪೆನ್ ಹುಚ್ಚರು ತುಂಬಾ ಜನ ಇದ್ದಾರೆ. ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡಬಹುದು, ಹಾಗಾಗಿ ನನ್ನ ಫಾಲೋ ಮಾಡದವರಿಗೂ ಕಾಣುತ್ತೆ. ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತಾ, ಎಷ್ಟು ಜಿಎಸ್‌ಎಂ ತೂಕದ ಕಾಗದ, ಪುಟ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತಾ ಅಂತೆಲ್ಲ ಕೇಳ್ತಾರೆ. ಇನ್ನೊಂದು ಕಡೆ ನನಗೆ 8000 ಫಾಲೋವರ್ಸ್, ಕೇಳೋದು ಒಂದೇ ಮಾತು, "ರೇಟ್?". ಇಲ್ಲಿ 230 ಜನ

ಅಕ್ಕ: ಆ 230ರಲ್ಲಿ ಕೊಂಡವರು?

ಚಿಕ್ಕಮ್ಮ: 5 ತಿಂಗಳಲ್ಲಿ 14. ಅದರಲ್ಲಿ 6 ಜನ ಎರಡನೇ ಸಲ ತಗೊಂಡ್ರು. ಆ 8000ದ ಕಡೆಯಿಂದ ಬಂದಿದ್ದು ಇದಕ್ಕಿಂತ ಬಹಳ ಜಾಸ್ತಿ, ಸುಳ್ಳು ಹೇಳಲ್ಲ. ಅದನ್ನ ಬಿಟ್ಟರೆ ತಿಂಗಳ ಖರ್ಚು ಹುಟ್ಟಲ್ಲ

ಅಕ್ಕ: ಅದನ್ನೇ ನಾನು ಬೆಳಗಿಂದ ಹೇಳ್ತಿರೋದು!

ಪುಟ್ಟ: 14ರಲ್ಲಿ 6 ಜನ ವಾಪಸ್ ಬಂದಿದ್ದಾರೆ, ಅದನ್ನ ನೋಡು!

ಭಾವ: ಇಬ್ಬರೂ ಗೆದ್ದಿರಿ. ಇನ್ನು ಮಲಗೋಣ

ಚಿಕ್ಕಮ್ಮ: ಒಂದು ತಮಾಷೆ ಕೇಳಿ. ಒಂದು ದಿನ ತುಂಬಾ ಫಾಲೋವರ್ಸ್ ಇರೋರು ಯಾರೋ ನನ್ನ ವೆಬ್‌ಸೈಟ್ ಲಿಂಕ್ ಇದ್ದ ಪೋಸ್ಟ್ ಹಂಚಿದ್ರು. ನಿಮಿಷದಲ್ಲಿ ವೆಬ್‌ಸೈಟ್ ಬಿದ್ದು ಹೋಯ್ತು! ಗಿರಾಕಿಗಳ ನೂಕುನುಗ್ಗಲು ಅಂತ ಕುಣಿದಾಡಿದೆ. ಆರ್ಡರ್ ಒಂದೂ ಇಲ್ಲ

ನಾನು: 😂 ಅದು ಗಿರಾಕಿಗಳಲ್ಲ ಚಿಕ್ಕಮ್ಮ, ಸರ್ವರ್‌ಗಳು. ಲಿಂಕ್ ಕೆಳಗೆ ಸಣ್ಣ ಚಿತ್ರ, ಶೀರ್ಷಿಕೆ ಬರುತ್ತಲ್ಲ, ಅದನ್ನ ಪ್ರತಿಯೊಂದು ಸರ್ವರೂ ತಾನೇ ಬಂದು ನಿಮ್ಮ ಸೈಟಿಂದ ತಗೊಂಡು ಹೋಗುತ್ತೆ. ಸಾವಿರ ಸರ್ವರಿಗೆ ಪೋಸ್ಟ್ ಹೋದರೆ ಸಾವಿರವೂ ಹೆಚ್ಚುಕಮ್ಮಿ ಒಂದೇ ಸಲ ಬಂದು ಬಾಗಿಲು ಬಡೀತವೆ. ಮ್ಯಾಸ್ಟೊಡಾನ್‌ನ ಹಳೇ ಕಾಯಿಲೆ ಅದು

ಚಿಕ್ಕಮ್ಮ: ಬೋರ್ಡ್ ಓದಿಕೊಂಡು ಹೋಗೋಕೆ ಬಂದಿದ್ದ ಜನ ಅನ್ನು

ಚಿಕ್ಕಮ್ಮ: ಈಗ ನನ್ನ ಪ್ರಶ್ನೆ. ಅಲ್ಲಿರಬೇಕಾ, ಇಲ್ಲಿರಬೇಕಾ ಅನ್ನೋದು ನನಗೆ ತಲೆನೋವಲ್ಲ, ಎರಡೂ ಕಡೆ ಇರ್ತೀನಿ. ನಾಳೆ ಎರಡೂ ಹೋದರೆ ಗಿರಾಕಿ ನನ್ನ ಎಲ್ಲಿ ಹುಡುಕಬೇಕು?

ನಾನು: ನಿಮ್ಮ ಡೊಮೇನಲ್ಲಿ, ಅಂದ್ರೆ ನಿಮ್ಮ ವೆಬ್‌ಸೈಟ್ ವಿಳಾಸದಲ್ಲಿ. ಇಷ್ಟು ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಒಬ್ಬರು ಕೇಳಿದ್ರು. ಬ್ಲೂಸ್ಕೈಯಲ್ಲಿ ನಿಮ್ಮ ವೆಬ್‌ಸೈಟ್ ಹೆಸರನ್ನೇ ಖಾತೆಯ ಹೆಸರಾಗಿ ಇಟ್ಕೋಬಹುದು. ನಕಲಿಯವರು ಬಂದರೆ ಜನರಿಗೆ ತಕ್ಷಣ ಗೊತ್ತಾಗುತ್ತೆ. ಮ್ಯಾಸ್ಟೊಡಾನಲ್ಲಿ ನಿಮ್ಮ ಸೈಟ್ ಲಿಂಕ್‌ಗೆ ಹಸಿರು ಗುರುತು ಬರೋ ಹಾಗೆ ಮಾಡಬಹುದು, ಅದಕ್ಕೆ ಯಾರಿಗೂ ದುಡ್ಡು ಕಟ್ಟಬೇಕಿಲ್ಲ. ಸೈಟ್ ವರ್ಡ್‌ಪ್ರೆಸ್ ಸಾಫ್ಟ್‌ವೇರಲ್ಲಿ ಮಾಡಿದ್ದಾಗಿದ್ದರೆ ಒಂದು ಪ್ಲಗಿನ್ (ಅದಕ್ಕೆ ಸೇರಿಸೋ ಸಣ್ಣ ಸಾಫ್ಟ್‌ವೇರ್) ಹಾಕಿದ್ರೆ ಆಯ್ತು, ಮ್ಯಾಸ್ಟೊಡಾನ್ ಜನ ನೇರವಾಗಿ ನಿಮ್ಮ ಸೈಟನ್ನೇ ಫಾಲೋ ಮಾಡಬಹುದು. ಆಗ ಸರ್ವರ್ ಯಜಮಾನನ ಹಂಗೂ ಇಲ್ಲ

ಅಕ್ಕ: ಜೊತೆಗೆ ಗಿರಾಕಿಗಳ ಇಮೇಲ್ ಪಟ್ಟಿ. ಅದನ್ನ ನಾನೇ ಮಾಡಿಕೊಡ್ತೀನಿ, ದುಡ್ಡು ಬೇಡ

ಪುಟ್ಟ: ಇಮೇಲ್ ಉದಾಹರಣೆ ಬೇಡ ಅಂದವರು ಯಾರೋ 👀

ನಾನು: ಚಿಕ್ಕಮ್ಮ, ಬ್ಲೂಸ್ಕೈ ಹೆಸರಿಗೆ ನಿಮ್ಮ ಡೊಮೇನ್‌ನ ಡಿಎನ್‌ಎಸ್ ದಾಖಲೆಯಲ್ಲಿ ಒಂದು ಸಾಲು ಸೇರಿಸಬೇಕು, 5 ನಿಮಿಷದ ಕೆಲಸ. ಡೊಮೇನ್ ಎಲ್ಲಿ ಕೊಂಡಿದ್ದು? ಲಾಗಿನ್ ಕೊಡಿ

ಚಿಕ್ಕಮ್ಮ: ಲಾಗಿನ್ ನನ್ನ ಹತ್ತಿರ ಇಲ್ಲ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನೇ ಎಲ್ಲ ನೋಡ್ಕೊಳ್ತಿದ್ದ. ವರ್ಷಕ್ಕೊಮ್ಮೆ ಅವನಿಗೆ ದುಡ್ಡು ಹಾಕ್ತಿದ್ದೆ

ಅಕ್ಕ: ಡೊಮೇನ್ ಯಾರ ಹೆಸರಲ್ಲಿದೆ?

ಚಿಕ್ಕಮ್ಮ: ನನ್ನ ಹೆಸರೇ ಇದೆಯಲ್ಲ ಅದರಲ್ಲಿ

ನಾನು: ಅದು ಬೋರ್ಡಲ್ಲಿ. ದಾಖಲೆಯಲ್ಲಿ ಯಾರ ಹೆಸರು?

ಚಿಕ್ಕಮ್ಮ: …

ಚಿಕ್ಕಮ್ಮ: ಈ ವರ್ಷ ಅವನು ದುಡ್ಡೂ ಕೇಳಿಲ್ಲ

ಅಕ್ಕ: ಭಾವ, ಆ ಹುಡುಗನ್ನ ಪರಿಚಯ ಮಾಡಿಸಿದ್ದು ನೀವು ತಾನೆ? ಫೋನ್ ಮಾಡಿ

ಭಾವ: ಮಾಡಿದೆ. ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತಿದೆ

ಪುಟ್ಟ: ಡೊಮೇನ್ ಯಾವಾಗ ಮುಗಿಯುತ್ತೆ ಅಂತ ಹೊರಗಿನಿಂದಲೇ ನೋಡಬಹುದು ಅಲ್ವಾ?

ನಾನು: ನೋಡಿದೆ. ಇನ್ನು 23 ದಿನ

ಚಿಕ್ಕಮ್ಮ: ಫೋನ್ ಎತ್ತು, ಕರೆ ಮಾಡ್ತಿದ್ದೀನಿ