ದೀಪದ ಪೆಟ್ಟಿಗೆಯ ಮೇಲೆ ಯಾರ ಹೆಸರು?

ದೀಪದವನು, ಪುಣೆ
ಪುಣೆಯ ಸಣ್ಣ ವಿನ್ಯಾಸ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿರುವ ನಾನು ಈಚೆಗೆ ತಾಮ್ರದ ಮೇಜುದೀಪವೊಂದನ್ನು ರೂಪಿಸಿದೆ. ಅದರ ಮುಚ್ಚಳವನ್ನು ಕಸಬಾ ಪೇಠೆಯಲ್ಲಿ ತಾಮ್ರಗಾರರ ಓಣಿಯಾದ ತಾಂಬಟ್ ಆಳಿಯ ಹಿರಿಯರೊಬ್ಬರು ಬಡಿದು ಕೊಟ್ಟರು. ನನ್ನ ನಕ್ಷೆಯಲ್ಲಿ ತಗಡಿನ ಎರಡು ಅಂಚುಗಳು ಎದುರುಬದುರಾಗಿ ಸೇರುತ್ತಿದ್ದುದರಿಂದ ಸುತ್ತಿಗೆಯ ಏಟಿಗೆ ಬೆಸುಗೆ ಮೂರು ಸಲ ಬಾಯಿಬಿಟ್ಟಿತು. ಆಗ ಅವರು ಒಂದು ಮಾತೂ ಆಡದೆ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಹಂಡೆಗೆ ಮಾಡುವಂತೆ ಒಂದರೊಳಗೊಂದು ಕೂಡಿಸಿ ಬೆಸೆದರು. ಈಗ ದೀಪವನ್ನು ನೋಡಿದವರು ಮೊದಲು ಬೆರಳಾಡಿಸುವುದು ಆ ಹಲ್ಲಿನ ಗೆರೆಯ ಮೇಲೆಯೇ. ಪೆಟ್ಟಿಗೆಯ ಮೇಲೆ ನನ್ನ ಹೆಸರು, ಅದರ ಕೆಳಗೆ ‘ಪರಂಪರೆಯಿಂದ ಪ್ರೇರಿತ’ ಎಂಬ ಸಾಲು ಇದ್ದರೆ ಸಾಕೆಂದು ನಮ್ಮ ಮಾಲೀಕರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಮುಂದಿನ ತಿಂಗಳು ಪ್ರದರ್ಶನವಿದೆ. ವಿನ್ಯಾಸವನ್ನು ನೋಂದಾಯಿಸಬೇಕೆ, ಪೆಟ್ಟಿಗೆಯ ಮೇಲೆ ಏನೆಂದು ಬರೆಯಬೇಕು?

ದಾದರ್ ನಿವಾಸಿ, ಮುಂಬೈ
ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. 2000ದ ವಿನ್ಯಾಸ ಕಾಯ್ದೆಯು ಕಣ್ಣಿಗೆ ಕಾಣುವ ಆಕಾರ, ಅಲಂಕಾರಗಳನ್ನು ರಕ್ಷಿಸುತ್ತದೆಯೇ ಹೊರತು ವಸ್ತುವನ್ನು ಕಟ್ಟುವ ಕ್ರಮವನ್ನಲ್ಲ. ಮೊದಲೇ ಬಳಕೆಯಲ್ಲಿರುವುದು ಹೊಸತೆನಿಸದ ಕಾರಣ ಹಂಡೆಯ ಹಲ್ಲುಬೆಸುಗೆಯನ್ನು ಯಾರೂ ತಮ್ಮದೆಂದು ಬರೆಸಿಕೊಳ್ಳಲಾಗದು. ಮುಚ್ಚಳದ ಒಟ್ಟು ರೂಪ ಹೊಸದಾಗಿದ್ದರೆ ಅದಕ್ಕೆ 10 ವರ್ಷ, ವಿಸ್ತರಿಸಿಕೊಂಡರೆ ಮತ್ತೆ 5 ವರ್ಷ ರಕ್ಷಣೆ ದೊರೆಯುತ್ತದೆ. ಅರ್ಜಿಯನ್ನು ಪ್ರದರ್ಶನಕ್ಕೆ ಮುಂಚೆಯೇ ಸಲ್ಲಿಸಿರಿ. ಸಂಬಳಕ್ಕೆ ಮಾಡಿದ ಕೆಲಸವಾದ್ದರಿಂದ ಒಡೆತನ ಸಾಮಾನ್ಯವಾಗಿ ಸಂಸ್ಥೆಗೇ ಸೇರುತ್ತದೆ. ಆ ಮಟ್ಟಿಗೆ ತಾವೂ ಆ ಹಿರಿಯರೂ ಒಂದೇ ಪಂಕ್ತಿಯವರು. ಹೆಸರು ಹಾಕುವುದು ಕಾಯ್ದೆಯ ಪ್ರಶ್ನೆಯಲ್ಲ, ನಿಮ್ಮ ಪ್ರಶ್ನೆ.

ಹಳೆಯ ವಿನ್ಯಾಸಕ, ಪೊವಾಯಿ
ಎರವಲು ಪಡೆಯದ ವಿನ್ಯಾಸಕನನ್ನು ನಾನು ನೋಡಿಲ್ಲ. ಮೊದಲ ಐಫೋನಿನ ಕ್ಯಾಲ್ಕುಲೇಟರ್ ಜರ್ಮನಿಯ ಬ್ರೌನ್ ಕಂಪನಿಯ 1987ರ ಇಟಿ66 ಎಂಬ ಕ್ಯಾಲ್ಕುಲೇಟರನ್ನು ಹೋಲುತ್ತಿದ್ದುದು ನಮ್ಮ ವೃತ್ತಿಯವರಿಗೆಲ್ಲ ತಿಳಿದ ಸಂಗತಿ; ಆ್ಯಪಲ್‌ನ ವಿನ್ಯಾಸಕರಾಗಿದ್ದ ಜಾನಿ ಐವ್ ಅವರೂ ಬ್ರೌನ್‌ನ ವಿನ್ಯಾಸಕ ಡೀಟರ್ ರಾಮ್ಸ್ ಬಗೆಗಿನ ತಮ್ಮ ಗೌರವವನ್ನು ಮುಚ್ಚಿಟ್ಟವರಲ್ಲ. ಇದರಿಂದ ಫೋನಿನ ಬೆಲೆಯೇನೂ ಇಳಿಯಲಿಲ್ಲ, ಇದನ್ನು ನಿಮ್ಮ ಮಾಲೀಕರಿಗೆ ಹೇಳಿರಿ. ಆದರೆ ಇಟಿ66 ಅನ್ನು ರಾಮ್ಸ್ ಅವರೊಡನೆ ರೂಪಿಸಿದ ಡೀಟ್ರಿಕ್ ಲೂಬ್ಸ್ ಅವರ ಹೆಸರನ್ನು ಎಷ್ಟು ಜನ ಹೇಳುತ್ತಾರೆ? ಮನ್ನಣೆ ಕೊಡುವಾಗಲೂ ಎರಡನೆಯ ಹೆಸರು ಹೀಗೆ ಉದುರಿಹೋಗುತ್ತದೆ. ‘ಪರಂಪರೆ’ ಎಂದು ಬರೆದರೆ ಮೊದಲನೆಯದೂ ಉಳಿಯದು, ಏಕೆಂದರೆ ಪರಂಪರೆಗೆ ಕೂಲಿ ಕೊಡಬೇಕಾಗಿಲ್ಲ. ‘ರೂಪ ಇಂಥವರದು, ಹಲ್ಲುಬೆಸುಗೆಯೂ ಬಡಿತವೂ ಇಂಥವರದು’ ಎಂದು ಬಿಡಿಸಿ ಬರೆಯಿರಿ. ಬಡಿತ ಬರಿಯ ಅಂದಕ್ಕಲ್ಲವೆಂಬುದೂ ನೆನಪಿರಲಿ. ಏಟು ಬಿದ್ದಷ್ಟೂ ತಾಮ್ರ ಗಡುಸಾಗುವುದರಿಂದಲೇ ತೆಳು ತಗಡು ಬಾಗದೆ ನಿಲ್ಲುತ್ತದೆ.

ಅಥಣಿಯವಳು, ಠಾಣೆ
2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿ, ಟೀಕೆ ಬಂದ ಮೇಲೆ ಋಣವನ್ನು ಒಪ್ಪಿಕೊಂಡಾಗ ಇಲ್ಲಿನವರೆಲ್ಲ ಸಂತೋಷಪಟ್ಟರು. ನನಗೆ ಅರ್ಧ ಸಂತೋಷವೇ ಆಯಿತು. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ 2019ರ ಭೌಗೋಳಿಕ ಸೂಚಕದಲ್ಲಿ (ಒಂದು ವಸ್ತು ಇಂಥ ಪ್ರದೇಶದ್ದೆಂದು ಗುರುತಿಸುವ ಜಿಐ ನೋಂದಣಿಯಲ್ಲಿ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ; ಆದರೂ ನಮ್ಮೂರಿನ ಅಂಗಳದಲ್ಲಿ ಹೊಲಿದ ಜೋಡು ಮಾರುಕಟ್ಟೆಯ ಊರಾದ ಕೊಲ್ಹಾಪುರದ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ಆದ್ದರಿಂದ ಹೆಸರನ್ನು ನೀವೇ ಊಹಿಸಿ ಹಾಕಬೇಡಿ, ಅವರನ್ನೇ ಕೇಳಿರಿ. ಹೆಸರಿನ ಜೊತೆಗೆ ಒಂದೊಂದು ದೀಪಕ್ಕೂ ಇಷ್ಟೆಂದು ಹಣದ ಮಾತನ್ನೂ ಆಡಿರಿ.

ದೀಪದವನು, ಪುಣೆ
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹೋಗಿ ಕೇಳಿದೆ. ತಗಡನ್ನು ಕಾಯಿಸಿ ಹದಮಾಡಿದವನು ಕಿರಿಯ ಸೋದರ, ಅವನ ಹೆಸರಿಲ್ಲದಿದ್ದರೆ ತಮ್ಮದೂ ಬೇಡವೆಂದು ಆ ಹಿರಿಯರು ಹೇಳಿದರು. ಮೂರು ಹೆಸರಿಗೂ ಮಾಲೀಕರು ಒಪ್ಪಿದ್ದಾರೆ. ದೀಪಕ್ಕಿಷ್ಟು ಎಂಬ ಮಾತಿಗೆ ಮಾತ್ರ ‘ನೋಡೋಣ’ ಎಂದಿದ್ದಾರೆ. ಪೆಟ್ಟಿಗೆಯ ಮುದ್ರಣವನ್ನು ಸದ್ಯಕ್ಕೆ ತಡೆಹಿಡಿಸಿದ್ದೇನೆ.