ಅಕ್ಟೋಬರ್‌ಗೆ ಜರ್ಮನಿ: ಪೆಟ್ಟಿಗೆ ತುಂಬಿದೆ, ರೂಮು ಮಾತ್ರ ಸಿಕ್ಕಿಲ್ಲ

ಪ್ರಶ್ನೆ: ಹಾಸನ_ಮೆಕ್ಯಾನಿಕಲ್

ಎಲ್ಲರಿಗೂ ನಮಸ್ಕಾರ. ಮ್ಯಾಗ್ಡೆಬರ್ಗ್‌ನಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಜರ್ಮನಿಯವರು ಕೊಡುವ ಪತ್ರ) ಬಂತು, ಬ್ಲಾಕ್ಡ್ ಅಕೌಂಟ್‌ಗೆ (ವೀಸಾಕ್ಕಾಗಿ ಮೊದಲೇ ದುಡ್ಡು ಇಟ್ಟು, ಅಲ್ಲಿ ತಿಂಗಳ ಕಂತಿನಲ್ಲಿ ಪಡೆಯುವ ಖಾತೆ) 11,904 ಯೂರೋ ಹಾಕಿಯಾಯಿತು, ವೀಸಾನೂ ಕೈಗೆ ಬಂದಿದೆ. ಅಕ್ಟೋಬರ್ ಮೊದಲ ವಾರ ಹೊರಡಬೇಕು.

ಮನೆಯಲ್ಲಿ ಈಗ ದಿನಾ ಪೆಟ್ಟಿಗೆಯದೇ ಮಾತು. ಅಮ್ಮ ಎರಡು ಕೆಜಿ ತುಪ್ಪ ಕಾಯಿಸಿ ಇಟ್ಟಿದ್ದಾರೆ. ಅಪ್ಪ ಕಂಡ ಕಂಡ ಅಂಗಡಿಯಲ್ಲಿ ದಪ್ಪ ಜಾಕೆಟ್ ಹುಡುಕುತ್ತಿದ್ದಾರೆ. ನನ್ನ ಚಿಂತೆ ಬೇರೆ. ಹಾಸ್ಟೆಲ್ ಅರ್ಜಿ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ. ಆನ್‌ಲೈನ್‌ನಲ್ಲಿ ಒಬ್ಬರು ರೂಮಿನ ಫೋಟೋ ಕಳಿಸಿದ್ದಾರೆ, ಬಾಡಿಗೆ 280 ಯೂರೋ. ತಾವು ಲಂಡನ್‌ನಲ್ಲಿದ್ದಾರಂತೆ, ಎರಡು ತಿಂಗಳ ಅಡ್ವಾನ್ಸ್ ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತಾರಂತೆ. ಹಾಕಬಹುದಾ? ಕೈಯಲ್ಲಿ ದುಡ್ಡು ಎಷ್ಟು ಇಟ್ಟುಕೊಳ್ಳಬೇಕು? ಯಾವುದನ್ನು ಇಲ್ಲೇ ಬಿಟ್ಟು ಹೋಗಬೇಕು?

ಉತ್ತರ: ಸಾಗರದವಳು

ಆ ಲಂಡನ್ ಮಹಾಶಯನಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಪ್ರತಿ ಸೆಪ್ಟೆಂಬರ್‌ನಲ್ಲೂ ಇದೇ ಕಥೆ ನಡೆಯುತ್ತದೆ. ಊರು ಬೇರೆ, ಫೋಟೋ ಬೇರೆ, ಕೊರಿಯರ್‌ನಲ್ಲಿ ಬರುವ ಕೀ ಮಾತ್ರ ಅದೇ. ಮನೆ ನೋಡದೆ, ಅಥವಾ ಅಲ್ಲೇ ಓದುತ್ತಿರುವ ಯಾರಾದರೂ ಹೋಗಿ ನೋಡಿ ಬರದೆ ಅಡ್ವಾನ್ಸ್ ಕೊಡುವ ಮಾತೇ ಇಲ್ಲ.

ನಾನಿರುವುದು ಡ್ರೆಸ್ಡೆನ್‌ನಲ್ಲಿ. ನಿಮ್ಮೂರಿಗೂ ನಮ್ಮೂರಿಗೂ ಒಂದೇ ನದಿ, ಎಲ್ಬೆ. ಓದು ಮುಗಿದು ಕೆಲಸದಲ್ಲಿದ್ದೇನೆ. ಹೊಸದಾಗಿ ಬರುವ ನಮ್ಮ ಹುಡುಗರಿಗೆ ನಾನು ಹೇಳುವುದು ಒಂದೇ: ಪೆಟ್ಟಿಗೆ ಬಿಡಿ, ವಿಳಾಸ ನೋಡಿಕೊಳ್ಳಿ. ಇಲ್ಲಿ ಎಲ್ಲ ಶುರುವಾಗುವುದು ವಿಳಾಸದಿಂದ.

ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಮಾಲೀಕರು 'ಇವರು ನನ್ನ ಮನೆಗೆ ಬಂದಿದ್ದಾರೆ' ಅಂತ ಸಹಿ ಹಾಕಿದ ಒಂದು ಹಾಳೆ ಬೇಕು. ಬಾಡಿಗೆ ಕರಾರು ಪತ್ರ ತೋರಿಸಿದರೆ ಸಾಲದು, ಆ ಹಾಳೆಯೇ ಬೇಕು. ನೋಂದಣಿ ಆದ ಮೇಲೆಯೇ ಟ್ಯಾಕ್ಸ್ ನಂಬರ್ ಬರುವುದು. ರೆಸಿಡೆನ್ಸ್ ಪರ್ಮಿಟ್ ಅರ್ಜಿಗೂ ಅದೇ ಆಧಾರ. ಎಷ್ಟೋ ಬ್ಯಾಂಕ್‌ಗಳು ಅಕೌಂಟ್ ತೆರೆಯಲೂ ಅದನ್ನೇ ಕೇಳುತ್ತವೆ. ಬ್ಯಾಂಕ್ ಅಕೌಂಟ್ ಇಲ್ಲದಿದ್ದರೆ ನಿಮ್ಮ ಬ್ಲಾಕ್ಡ್ ಅಕೌಂಟ್‌ನ ತಿಂಗಳ 992 ಯೂರೋ ಎಲ್ಲಿಗೆ ಬಂದು ಬೀಳಬೇಕು?

ಅದಕ್ಕೇ ತಾತ್ಕಾಲಿಕ ರೂಮು ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಇಲ್ಲಿ ಆನ್‌ಮೆಲ್ಡುಂಗ್ ಆಗುತ್ತದಾ? ಹತ್ತು ದಿನದ ಟೂರಿಸ್ಟ್ ರೂಮುಗಳಲ್ಲಿ ಹೆಚ್ಚಾಗಿ ಆಗುವುದಿಲ್ಲ. ನಾಲ್ಕೈದು ತಿಂಗಳಿಗೆ ಊರು ಬಿಟ್ಟು ಹೋಗುವ ವಿದ್ಯಾರ್ಥಿಗಳು ತಮ್ಮ ರೂಮು ಕೊಡುತ್ತಾರೆ, ಅವರನ್ನು ಹಿಡಿಯಿರಿ. ಮಾಲೀಕರ ಒಪ್ಪಿಗೆ ಇದೆಯಾ ಅಂತ ಮಾತ್ರ ಮರೆಯದೆ ಕೇಳಿ. ಸ್ಟುಡೆಂಟೆನ್‌ವೆರ್ಕ್ (ವಿದ್ಯಾರ್ಥಿಗಳ ಹಾಸ್ಟೆಲ್ ನೋಡಿಕೊಳ್ಳುವ ಸಂಸ್ಥೆ) ನವರಿಗೂ ಆಗಾಗ ಮೇಲ್ ಹಾಕುತ್ತಿರಿ. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಬರಬೇಕಾದವರು ಬರದೆ ರೂಮು ಖಾಲಿ ಆಗುವುದುಂಟು.

ಅಡ್ವಾನ್ಸ್ ವಿಷಯ ಗೊತ್ತಿರಲಿ. ಬರೀ ಬಾಡಿಗೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನು. ಜಾಹೀರಾತಿನಲ್ಲಿ ಎರಡು ಲೆಕ್ಕ ಇರುತ್ತದೆ. ಹೀಟರ್, ನೀರು ಸೇರದ ಬಾಡಿಗೆ 'ಕಾಲ್ಟ್', ಸೇರಿದ್ದು 'ವಾರ್ಮ್'. 280 ಅಂದರೆ ಯಾವುದು ಅಂತ ಕೇಳದೆ ಖುಷಿ ಪಡಬೇಡಿ. ವಾರ್ಮ್‌ನಲ್ಲೂ ಕರೆಂಟು, ಇಂಟರ್ನೆಟ್ ಸೇರಿರದೇ ಇರಬಹುದು.

ಈಗ ದುಡ್ಡು. ಬ್ಲಾಕ್ಡ್ ಅಕೌಂಟ್‌ನ ಮೊದಲ ಕಂತು ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಬಾಡಿಗೆ, ಅಡ್ವಾನ್ಸ್, ಇನ್ಶೂರೆನ್ಸ್ ಎಲ್ಲ ಒಟ್ಟಿಗೆ ಬಾಗಿಲಿಗೆ ಬರುತ್ತವೆ. 30 ವರ್ಷದೊಳಗಿನ ವಿದ್ಯಾರ್ಥಿಗೆ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಒಂದೇ ತಿಂಗಳಿಗೆ 140 ಯೂರೋ ದಾಟುತ್ತದೆ. ನನ್ನ ಲೆಕ್ಕದಲ್ಲಿ ಫಾರೆಕ್ಸ್ ಕಾರ್ಡ್‌ನಲ್ಲಿ (ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡ್) 1,500ರಿಂದ 2,000 ಯೂರೋ ಇರಲಿ, ನೋಟಿನಲ್ಲಿ ಒಂದು 300 ಸಾಕು. ಪೂರ್ತಿ ನೋಟು ಹೊತ್ತು ತಂದು ದಿಂಬಿನ ಕೆಳಗೆ ಇಟ್ಟು ಮಲಗುವುದು ಬೇಡ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಇಲ್ಲಿ ಪೋಸ್ಟ್‌ನವರು ಫ್ಲಾಟ್ ನಂಬರ್ ನೋಡುವುದಿಲ್ಲ, ಡಬ್ಬಿಯ ಮೇಲಿನ ಹೆಸರು ನೋಡುತ್ತಾರೆ. ಮನೆಗೆ ಕಾಲಿಟ್ಟ ದಿನವೇ ಪೋಸ್ಟ್ ಡಬ್ಬಿಗೂ ಕಾಲಿಂಗ್ ಬೆಲ್‌ಗೂ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಹೆಸರಿಲ್ಲದಿದ್ದರೆ ಬ್ಯಾಂಕ್ ಪಿನ್, ಇನ್ಶೂರೆನ್ಸ್ ಕಾರ್ಡ್, ಟ್ಯಾಕ್ಸ್ ನಂಬರ್ ಎಲ್ಲ ವಾಪಸ್ ಹೋಗುತ್ತವೆ. ನಮ್ಮವರಿಗೆ ಇನಿಷಿಯಲ್ ಬೇರೆ ತೊಂದರೆ. ಮಾರ್ಕ್ಸ್ ಕಾರ್ಡ್‌ನಲ್ಲಿ 'ಎಚ್.ಎಸ್.', ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಬರೆಯಿರಿ, ಡಬ್ಬಿಯ ಚೀಟಿಯಲ್ಲೂ. ಉದ್ದವಾದರೆ ಆಗಲಿ, ಸಣ್ಣ ಅಕ್ಷರದಲ್ಲಿ ಬರೆಯಿರಿ.

ನೋಂದಣಿ ಆಗಿ ಸ್ವಲ್ಪ ದಿನಕ್ಕೆ ರೇಡಿಯೋ-ಟಿವಿ ಶುಲ್ಕ ಕಟ್ಟಿ ಅಂತ ಒಂದು ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಮೋಸ ಅಂತ ಹರಿದು ಹಾಕಬೇಡಿ, ಅಸಲಿ. ಟಿವಿ ಇಲ್ಲ ಅಂದರೂ ಬಿಡುವುದಿಲ್ಲ. ಒಂದು ಮನೆಗೆ ಒಂದೇ ಶುಲ್ಕ, ಜೊತೆಗಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ನಂಬರ್ ಬರೆದು ಉತ್ತರ ಕೊಡಿ, ಮುಗಿಯಿತು.

ತುಪ್ಪ ಬಿಟ್ಟು ಬನ್ನಿ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಯೂನಿಯನ್‌ನಲ್ಲಿ ನಿಷೇಧ ಇದೆ. ಪೇಡನೂ ಬೇಡ, ಕಸ್ಟಮ್ಸ್‌ನವರ ಜೊತೆ ವಾದ ಮಾಡುವ ಹೊತ್ತಲ್ಲ ಅದು. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ಅಮ್ಮನಿಗೆ ಸಮಾಧಾನ ಹೇಳಿ: ಇಲ್ಲಿ ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ 'ಬುಟರ್‌ಶ್ಮಾಲ್ಟ್ಸ್' ಸಿಗುತ್ತದೆ, ಅದು ಬೆಣ್ಣೆ ಕಾಯಿಸಿ ಮಾಡಿದ್ದೇ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ ಧಾರಾಳವಾಗಿ ತನ್ನಿ. ಜಾಕೆಟ್ ಇಲ್ಲೇ ಕೊಳ್ಳಿ. ಅಪ್ಪನ ಅಳತೆಯ ಚಳಿ ಬೇರೆ, ಜನವರಿಯ ಚಳಿ ಬೇರೆ.

ಉತ್ತರ: ಮೈಸೂರು_ಅಪ್ಪ

ಮೇಲಿನ ತಾಯಿ ಎಲ್ಲ ಹೇಳಿಬಿಟ್ಟಿದ್ದಾರೆ. ನನ್ನ ಮಗಳು ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿದ್ದಾಳೆ. ಆ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು. ನಿಮ್ಮ ಕಡೆ ಆ ನಿಯಮ ಇಲ್ಲ, ಪುಣ್ಯವಂತರು.

ಊರಲ್ಲಿ ಮುಗಿಸಬೇಕಾದ್ದು ಹೇಳುತ್ತೇನೆ. ಸಿಮ್ ಬಿಸಾಕಬೇಡಿ. ಬ್ಯಾಂಕ್ ಓಟಿಪಿ ಎಲ್ಲ ಬರುವುದು ಅದಕ್ಕೇ. ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ತಪ್ಪಿಸಬೇಡಿ ಅಂತ ಅಪ್ಪನಿಗೆ ಹೇಳಿ. ಎಜುಕೇಷನ್ ಲೋನ್ ಇದ್ದರೆ ಬ್ಯಾಂಕ್‌ಗೆ ಹೋಗಿ, ನಿಮ್ಮ ಸಹಿ ಇನ್ನು ಎಲ್ಲೆಲ್ಲಿ ಬೇಕಾಗುತ್ತದೆ ಅಂತ ಕೇಳಿ, ಬೇಕಿದ್ದರೆ ಅಪ್ಪನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಕೊಡಿ. ಮುಂದಿನ ಕಂತಿನ ಹೊತ್ತಿಗೆ ನೀವು ಅಲ್ಲಿ, ಮ್ಯಾನೇಜರ್ ಇಲ್ಲಿ, ಮಧ್ಯೆ ಅಪ್ಪ ಓಡಾಡಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.

ಹಾಸನ_ಮೆಕ್ಯಾನಿಕಲ್

ತುಂಬಾ ಥ್ಯಾಂಕ್ಸ್ ಅಕ್ಕ, ಸರ್. ಲಂಡನ್‌ನವರನ್ನು ಬ್ಲಾಕ್ ಮಾಡಿದೆ. 'ನನ್ನ ಬದಲು ನನ್ನ ಸೀನಿಯರ್ ಬಂದು ಮನೆ ನೋಡಬಹುದಾ' ಅಂತ ಕೇಳಿದ್ದೇ ತಡ, ಬೈದರು. ತುಪ್ಪದ ವಿಷಯ ಅಮ್ಮ ಇನ್ನೂ ನಂಬಿಲ್ಲ, ಈ ಪುಟ ತೋರಿಸುತ್ತೇನೆ. ಕುಕ್ಕರ್, ಮಿಕ್ಸಿ ತರಬಹುದಾ? ಟಿಕೆಟ್ ಪ್ರಕಾರ ನಾನು ಇಳಿಯುವುದು ಅಕ್ಟೋಬರ್ 2, ಸಂಜೆ.

ಸಾಗರದವಳು

ಹಾಗಾದರೆ ಇಳಿದ ಸಂಜೆಯೇ ಹಾಲು, ಬ್ರೆಡ್ಡು, ನೀರು ತಗೊಂಡುಬಿಡಿ. 3ನೇ ತಾರೀಕು ರಾಷ್ಟ್ರೀಯ ರಜೆ, ಅಂಗಡಿ ಎಲ್ಲ ಬಂದ್. ಭಾನುವಾರವೂ ಅಷ್ಟೇ. ದೊಡ್ಡ ರೈಲ್ವೆ ಸ್ಟೇಷನ್‌ನೊಳಗಿನ ಅಂಗಡಿ ಮಾತ್ರ ತೆರೆದಿರುತ್ತದೆ.

ಸಣ್ಣ ಕುಕ್ಕರ್ ತನ್ನಿ, ಇಂಡಕ್ಷನ್ ತಳ ಇರುವುದು. ಬರೀ ಅಲ್ಯೂಮಿನಿಯಂದು ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗುವುದಿಲ್ಲ. ಸ್ಪೇರ್ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಮರೆಯಬೇಡಿ, ಅವು ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮಿಕ್ಸಿ ಓಡುತ್ತದೆ, ಇಲ್ಲೂ 230 ವೋಲ್ಟೇ, ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ ಹೋಗುವುದಿಲ್ಲ. ಅಡಾಪ್ಟರ್ ಮಿಕ್ಸಿಯ ಲೋಡ್ ತಡೆಯುವಂಥದ್ದಿರಬೇಕು, ಮೊಬೈಲ್ ಚಾರ್ಜರಿನ ಅಗ್ಗದ ಅಡಾಪ್ಟರ್ ಸುಟ್ಟು ಹೋಗುತ್ತದೆ. ರಾತ್ರಿ 10ರ ಮೇಲೆ, ಭಾನುವಾರ ಇಡೀ ದಿನ ಮಿಕ್ಸಿ ಹಾಕಬೇಡಿ. ಪಕ್ಕದ ಮನೆಯವರು ಮೊದಲು ಗೋಡೆ ತಟ್ಟುತ್ತಾರೆ, ಆಮೇಲೆ ಮಾಲೀಕರಿಗೆ ಪತ್ರ ಬರೆಯುತ್ತಾರೆ. ಚಟ್ನಿ ಶನಿವಾರವೇ ರುಬ್ಬಿ ಇಡಿ.